ಎರಡನೇ ಬೆಂಚಿನ ನೇಪಾಳ

ಪ್ರೀತಿಯ ಪುಟ್ಟಿ,

ಮುಂದಿನ ವಾರ ಮಕ್ಕಳಿಗೆ ನೇಪಾಳ, ಭೂತಾನ್ ಪಾಠ ಶುರುಮಾಡಬೇಕು ಅಂದೆಯಲ್ಲ. ಎರಡನೇ ಬೆಂಚಿನ ಹುಡುಗನ ಅಪ್ಪ ಹತ್ತಿರದ ಅಪಾರ್ಟ್‌ಮೆಂಟಿನಲ್ಲಿ ಕಾವಲಿಗಿದ್ದಾರೆ, ಅವರ ಊರು ನೇಪಾಳದ ಗುಡ್ಡಗಾಡು ಅಂತಲೂ ಹೇಳಿದೆ. ಆವತ್ತಿನಿಂದ ನನ್ನ ತಲೆ ತುಂಬ ನಿನ್ನ ತರಗತಿಯೇ. ನಾನು ಪಾಠ ಮಾಡುತ್ತಿದ್ದಾಗ ನೇಪಾಳ ಗೋಡೆಯ ಮೇಲೆ ತೂಗುತ್ತಿತ್ತು. ನಿನಗೆ ಎದುರಿಗೇ ಕೂತಿದೆ.

ಇಲ್ಲಿ ಎಲ್ಲ ಕ್ಷೇಮ. ಮಳೆ ಹಿಡಿದುಕೊಂಡಿದೆ, ಅಮ್ಮನ ಮಂಡಿನೋವು ಸ್ವಲ್ಪ ಜಾಸ್ತಿ. ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ ಅನ್ನುವುದೇ ಅವಳ ಚಿಂತೆ.

ರಾಜಧಾನಿ, ನಾಣ್ಯ, ಶಿಖರ ಅಂತ ಪಟ್ಟಿಯಿಂದ ಶುರುಮಾಡಬೇಡ ಮಗಳೇ. ಮೊದಲು ಅಳತೆ ಕೊಡು. ನಮ್ಮ ಕರ್ನಾಟಕ 1,91,791 ಚದರ ಕಿಲೋಮೀಟರ್. ನೇಪಾಳ ಅದಕ್ಕಿಂತ ಚಿಕ್ಕದು, ಸುಮಾರು 1,47,000. ಭೂತಾನ್ 38,394, ನಮ್ಮ ರಾಜ್ಯದ ಐದನೇ ಒಂದು ಪಾಲು. ನೀನು ಚಿಕ್ಕವಳಿದ್ದಾಗ ನಕ್ಷೆಗೆ ಬಣ್ಣ ಬಳಿಯುತ್ತ, ಈ ಎರಡು ದೇಶಗಳ ನಡುವೆ ಸಿಕ್ಕಿಂ, ಅದರ ಕೆಳಗೆ ಬಂಗಾಳದ ಸಿಲಿಗುರಿ ಪಟ್ಟಿ ಇರುವುದನ್ನು ನೋಡಿ, "ಹಾಗಾದ್ರೆ ಅವರಿಬ್ಬರೂ ಭೇಟಿಯಾಗಬೇಕಾದ್ರೆ ನಮ್ಮ ಅಂಗಳ ದಾಟಿಯೇ ಬರಬೇಕಾ?" ಅಂತ ಕೇಳಿದ್ದೆ. ಆ ಪ್ರಶ್ನೆ ನಿನ್ನ ಮಕ್ಕಳ ಬಾಯಿಂದಲೂ ಬರಲಿ. ಎರಡೂ ದೇಶಕ್ಕೆ ಸಮುದ್ರವಿಲ್ಲ. ಕೋಲ್ಕತ್ತಾದಲ್ಲಿ ಹಡಗಿನಿಂದಿಳಿದ ಅವರ ಸರಕು ನಮ್ಮ ನೆಲ ದಾಟಿಯೇ ಹೋಗಬೇಕು.

ಗಡಿಯಾರದ ಲೆಕ್ಕವನ್ನೂ ಮಾಡಿಸು. ನಮಗೆ ಹತ್ತು ಗಂಟೆಯಾದಾಗ ನೇಪಾಳದಲ್ಲಿ ಹತ್ತೂಕಾಲು, ಭೂತಾನಿನಲ್ಲಿ ಹತ್ತೂವರೆ. ನಮ್ಮ ಸಮಯ 82°30' ರೇಖಾಂಶದ್ದು, ನೇಪಾಳದ್ದು ಗೌರೀಶಂಕರ ಶಿಖರದ ಹತ್ತಿರದ 86°15' ರೇಖಾಂಶದ್ದು. ಡಿಗ್ರಿಗೆ ನಾಲ್ಕು ನಿಮಿಷ. ಕಾಲುಗಂಟೆ ಎಲ್ಲಿಂದ ಬಂತೆಂದು ಮಕ್ಕಳೇ ಗುಣಿಸಿ ಹೇಳಲಿ.

ಬೆಟ್ಟದ ಪಾಠ ಬಂದಾಗ ಎರಡೂ ದೇಶಗಳನ್ನು ಎದುರುಬದುರು ಇಡು. 8,848.86 ಮೀಟರಿನ ಸಾಗರಮಾಥಾ, ಅಂದರೆ ನಮ್ಮ ಎವರೆಸ್ಟ್, ಹತ್ತುವವರಿಂದ ನೇಪಾಳ ಶುಲ್ಕ ಪಡೆಯುತ್ತದೆ. ಭೂತಾನ್ ತನ್ನ 7,570 ಮೀಟರಿನ ಗಂಗ್‌ಖರ್ ಪುಯೆನ್ಸುಮ್ ಹತ್ತಲು ಯಾರನ್ನೂ ಬಿಡುವುದಿಲ್ಲ. ನೆಲದ ಶೇ 60ರಷ್ಟಾದರೂ ಕಾಡಾಗಿರಬೇಕೆಂದು 2008ರ ತನ್ನ ಸಂವಿಧಾನದಲ್ಲೇ ಬರೆದುಕೊಂಡ ದೇಶ ಅದು. ಆಮೇಲೆ ನೇಪಾಳದಿಂದ ಬಿಹಾರಕ್ಕೆ ಹರಿಯುವ ಕೋಸಿ ನದಿಗೆ ಬಾ. 2008ರ ಆಗಸ್ಟಿನಲ್ಲಿ ನೇಪಾಳದ ಕುಸಹಾದಲ್ಲಿ ಅದರ ಒಡ್ಡು ಒಡೆಯಿತು. ಬಿಹಾರದಲ್ಲಿ ಲಕ್ಷಾಂತರ ಜನ ಮನೆ ಬಿಟ್ಟು ಓಡಬೇಕಾಯಿತು. ನೆರೆಯವರ ಭೂಗೋಳ ನಾವು ಯಾಕೆ ಓದಬೇಕು ಅಂತ ಯಾರಾದರೂ ಕೇಳಿದರೆ ಇದನ್ನೇ ಹೇಳು.

ನನಗೊಂದು ಅಳುಕಿದೆ. 2020ರಲ್ಲಿ ನೇಪಾಳ ಹೊರಡಿಸಿದ ನಕ್ಷೆಯಲ್ಲಿ ಕಾಲಾಪಾನಿ, ಲಿಪುಲೇಖ್, ಲಿಂಪಿಯಾಧುರಾ ಅವರ ಗಡಿಯೊಳಗಿವೆ. ನಮ್ಮ ನಕ್ಷೆಯಲ್ಲಿ ಅವು ಹಾಗಿಲ್ಲ. ತರಗತಿಯಲ್ಲಿ ನಮ್ಮ ಸರ್ಕಾರದ ನಕ್ಷೆಯನ್ನೇ ತೂಗುಹಾಕು. ಆದರೆ ಆ ಹುಡುಗ ಕೇಳಿದರೆ ಬಾಯಿ ಮುಚ್ಚಿಸಬೇಡ. ಎರಡು ಸರ್ಕಾರಗಳಿಗೆ ಈ ಬಗ್ಗೆ ತಕರಾರಿದೆ ಎಂದು ಇದ್ದದ್ದನ್ನು ಇದ್ದಂತೆ ಹೇಳು. ಉಳಿದವರು ಅವನನ್ನು ಚುಡಾಯಿಸದಂತೆ ನೋಡಿಕೊಳ್ಳುವುದು ನಿನ್ನ ಕೆಲಸ.

ಇನ್ನೊಂದು ಮಾತು ಮಕ್ಕಳಿಗೆ ತಿಳಿದಿರಲಿ: ಕಠ್ಮಂಡುವಿನ ಪಶುಪತಿನಾಥನಿಗೆ ಪೂಜೆ ಮಾಡುವ ಮುಖ್ಯ ಅರ್ಚಕರು ಪರಂಪರೆಯಿಂದ ದಕ್ಷಿಣ ಭಾರತದ ಭಟ್ಟರು, ನಮ್ಮ ಕರ್ನಾಟಕದ ಕಡೆಯವರೂ ಅವರಲ್ಲಿದ್ದಾರೆ. ನಮ್ಮವರು ಅಲ್ಲಿ ದೇವರನ್ನು ನೋಡಿಕೊಳ್ಳುತ್ತಾರೆ, ಅವರು ಇಲ್ಲಿ ನಮ್ಮ ಮನೆ ಕಾಯುತ್ತಾರೆ.

ಮೊದಲ ದಿನವೇ ಆ ಹುಡುಗನನ್ನು ಎಬ್ಬಿಸಿ "ನಿಮ್ಮ ದೇಶದ ಬಗ್ಗೆ ಹೇಳು" ಅನ್ನಬೇಡ. ಅವನು ಪ್ರದರ್ಶನದ ವಸ್ತುವಲ್ಲ, ಊರನ್ನು ಎಷ್ಟು ಕಂಡಿದ್ದಾನೋ ಏನೋ. ತಾನಾಗಿ ಕೈ ಎತ್ತಿದ ದಿನ ಪಾಠ ನಿಲ್ಲಿಸಿ ಕೇಳು. ಅವನು ಏನು ಹೇಳಿದ ಅಂತ ನನಗೆ ತಪ್ಪದೆ ಬರೆ.

ಇಂತಿ,
ನಿನ್ನ ಅಪ್ಪ