ಊರು ತೋರಸ್ತೀನಿ, ಬರ್ರಿ

ಹಸಿದವನಿಗೆ ಬೀದರ್ ಕೋಟೆ ಕಾಣಿಸುವುದಿಲ್ಲ ಎಂಬುದು ನಮ್ಮ ಕಾಕಾನ ಸಿದ್ಧಾಂತ. "ಮೊದಲ ರೊಟ್ಟಿ, ಆಮ್ಯಾಲ ಕಿಲ್ಲಾ" ಅನ್ನುತ್ತಿದ್ದ. ಹಾಗಾಗಿ ಪರವೂರಿನಿಂದ ಯಾರೇ ಬರಲಿ, ಬೀದರಿನಲ್ಲಿ ಇಳಿದವರನ್ನು ನೇರ ಊರು ಸುತ್ತಿಸುವಂತಿರಲಿಲ್ಲ. ಇನ್ನೊಂದು ಬಸ್ಸು ಹತ್ತಿಸಿ ಕಮಠಾಣಕ್ಕೆ ತರಬೇಕು. ಕಾಲಿಗೆ ನೀರು, ಆಮೇಲೆ ಚಾ, ಆಮೇಲೆ ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ರಾತ್ರಿ ಅಂಗಳದಲ್ಲಿ ಹೊರಸು. ಬೆಳಿಗ್ಗೆ ಎದ್ದು ಊರಿನ ಪಾರ್ಶ್ವನಾಥ ಬಸದಿಗೆ ಒಂದು ಸುತ್ತು. ಅದೆಲ್ಲ ಮುಗಿದ ಮೇಲೆ ಕಾಕಾ ಹೆಗಲಿಗೆ ಟವೆಲ್ ಹಾಕಿಕೊಂಡು ಆ ಮಾತು ಹೇಳುತ್ತಿದ್ದ: "ನಡೀರಿ, ಊರು ತೋರಸ್ತೀನಿ, ಬರ್ರಿ." ಚಡ್ಡಿ ಹಾಕಿದ ನಾನು ಕರೆಯದಿದ್ದರೂ ಹಿಂದೆ.

ಕಾಕಾ ಸಾಲಿ ಮಾಸ್ತರ್. ನಿಜಾಮನ ಕಾಲದಲ್ಲಿ ಉರ್ದುವಿನಲ್ಲಿ ಓದಿದವನು. 1956ರಲ್ಲಿ ಬೀದರ್ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಅದೇ ಮಾಸ್ತರ್ ಕನ್ನಡ ಕಲಿಸಿದ. ಹೊರಗೆ ಉರ್ದು ಬೋರ್ಡು ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಭಾಲ್ಕಿಯ ಚನ್ನಬಸವ ಪಟ್ಟದ್ದೇವರ ಕತೆಯನ್ನು ಬಂದವರಿಗೆಲ್ಲ ಹೇಳುವನು. ಹೇಳುವಾಗ ದನಿ ತಗ್ಗುತ್ತಿತ್ತು, ನಿಜಾಮನ ಪೊಲೀಸರು ಇನ್ನೂ ಬಾಗಿಲ ಮರೆಯಲ್ಲಿ ನಿಂತಿದ್ದಾರೇನೋ ಎಂಬಂತೆ. ಉದಗೀರದ ಬೀಗರ ಜೊತೆ ಮರಾಠಿ, ಜಹೀರಾಬಾದಿನವರ ಜೊತೆ ತೆಲುಗು, ಬೀದರಿನ ಗಲ್ಲಿಗಳಲ್ಲಿ ದಖನಿ, ಮೈಸೂರು ಕಡೆಯ ಸಾಹೇಬರು ಬಂದರೆ ಪಾಠಪುಸ್ತಕದ ಕನ್ನಡ. ಮನೆಗೆ ಬಂದ ಮೇಲೆ ಮಾತ್ರ "ಏನ್ ಮಾಡ್ಲತ್ತೀಯೋ ತಮ್ಮಾ?"

ಬೀದರಿನಲ್ಲಿ ಅವನ ಮೊದಲ ನಿಲುಗಡೆ ಚೌಬಾರಾ. ಹಳೇ ಪೇಟೆಯ ನಟ್ಟನಡುವೆ, ನಾಲ್ಕು ರಸ್ತೆ ಕೂಡುವಲ್ಲಿ, 71 ಅಡಿ ಎತ್ತರದ ದುಂಡನೆಯ ಕಾವಲು ಗೋಪುರ. ಅದನ್ನು ಕಟ್ಟಿದ್ದು ಯಾರು, ಯಾವಾಗ ಎಂದು ಕಾಕಾ ಹೇಳುತ್ತಿರಲಿಲ್ಲ. ಬಂದವರನ್ನು ಬುಡದಲ್ಲಿ ನಿಲ್ಲಿಸಿ, "ಇಲ್ಲಿಂದ ನಾಕೂ ದಿಕ್ಕಿಗಿ ನಮ್ಮ ಮಂದಿ ಅದಾರ, ಹಾದಿ ತಪ್ಪಿದ್ರ ಹೆದರಬ್ಯಾಡ್ರಿ" ಅನ್ನುವನು. ಅವನ ಬೀದರಿಗೆ ಅದೇ ನಕಾಶೆ. ಒಂದು ಸ್ಮಾರಕಕ್ಕೂ ಇನ್ನೊಂದಕ್ಕೂ ನಡುವೆ ಒಬ್ಬ ಮನುಷ್ಯ ಇರಲೇಬೇಕು; ಬಂದವರನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸಬೇಕು.

ಮದರಸಾದ ಮುಂದೆ ಮಾತ್ರ ಮಾತು ಪೂರ್ತಿ ಅವನದು. ಒಂಟಿಯಾಗಿ ಉಳಿದ ಮಿನಾರನ್ನು ತೋರಿಸಿ, "ಇದರ ಜೋಡಿ ಎಲ್ಲಿ ಹೋಯ್ತು, ಹೇಳ್ರಿ ನೋಡೋಣ" ಎಂದು ಶುರು ಮಾಡುವನು. ಔರಂಗಜೇಬನ ಕಾಲದಲ್ಲಿ ಒಳಗೆ ಇಟ್ಟಿದ್ದ ಮದ್ದಿನಪುಡಿ ಸಿಡಿದ ಕತೆ ಬರುತ್ತಿತ್ತು. ಗೋಡೆಗೆ ಅಲ್ಲಲ್ಲಿ ಅಂಟಿಕೊಂಡಿರುವ ನೀಲಿ, ಹಳದಿ, ಬಿಳಿ ಹೆಂಚಿನ ಚೂರುಗಳನ್ನು ಎಣಿಸಲು ಮಕ್ಕಳಿಗೆ ಹಚ್ಚುತ್ತಿದ್ದ. ಆಮೇಲೆ ಮಹಮೂದ್ ಗವಾನ್. ಇರಾನಿನ ಗೀಲಾನಿನಿಂದ ವ್ಯಾಪಾರಕ್ಕೆಂದು ಬಂದು, ಬಹಮನಿಗಳ ವಜೀರನಾಗಿ, 1472ರಲ್ಲಿ ಈ ಮೂರಂತಸ್ತಿನ ವಿದ್ಯಾಲಯ ಕಟ್ಟಿಸಿದವನು. 1481ರಲ್ಲಿ, ಎಪ್ಪತ್ತರ ಹಣ್ಣು ಮುದುಕ, ಯಾರೋ ಸೃಷ್ಟಿಸಿದ ಸುಳ್ಳು ಪತ್ರಕ್ಕೆ ತಲೆ ಕೊಟ್ಟವನು. ಕಾಕಾ ಇಲ್ಲಿ ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದ. ಕೊನೆಗೆ, "ಬೀಗ ಆಗಿ ಬಂದವ್ನು. ನಾವು ಹಿಂಗ ಮಾಡಿದ್ವಿ ನೋಡ್ರಿ" ಅನ್ನುವನು. ಐದು ನೂರು ವರ್ಷದ ಹಿಂದಿನ ಕೊಲೆಗೆ ಆ "ನಾವು"! ಮನೆಗೆ ಬಂದ ಅತಿಥಿಗೆ ಅನ್ನ ಹಾಕಲು ಮರೆತವನ ನಾಚಿಕೆ ಅದರಲ್ಲಿತ್ತು.

ಈ ಊರನ್ನು ಕಟ್ಟಿದವರೆಲ್ಲ ಬೀಗರೇ ಎಂಬುದು ಅವನ ಎರಡನೇ ಸಿದ್ಧಾಂತ. ಕಿರ್ಮಾನಿನಿಂದ ಕರೆಸಿಕೊಂಡ ಸೂಫಿ ಮನೆತನ ಅಷ್ಟೂರಿನ ದಾರಿಯ ಚೌಖಂಡಿಯಲ್ಲಿ ಮಲಗಿದೆ. ನೌಬಾದಿನ ನೆಲದಡಿ ಬಾವಿಗಳ ಸಾಲನ್ನು ಜೋಡಿಸಿ ನೀರು ಹರಿಸಿದ ಕರೇಜಿನ ವಿದ್ಯೆ ಇರಾನಿನದು. ಬಿದ್ರಿ ಕೆಲಸವನ್ನೂ ಆ ಕಡೆಯ ಕೈಗಳೇ ತಂದವೆಂದು ಹೇಳಿಕೆ. ಗುರುನಾನಕರು ಬಂದು ನಿಂತಲ್ಲಿ ಸಿಹಿನೀರಿನ ಝರಾ. ಈ ಊರೂ ಹೊರಗೆ ಬೀಗರನ್ನು ಕಳಿಸಿದೆ: 1699ರಲ್ಲಿ ಗುರು ಗೋಬಿಂದ್ ಸಿಂಗರ ಮುಂದೆ ತಲೆಯೊಡ್ಡಿ ನಿಂತ ಪಂಚ ಪ್ಯಾರೆಯರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರು, ಕ್ಷೌರಿಕ ಮನೆತನದವರು.

ಬಹಳ ವರ್ಷಗಳ ನಂತರ, ರಷ್ಯಾದ ತ್ವೇರ್ ಪಟ್ಟಣದ ವ್ಯಾಪಾರಿ ಅಫನಾಸಿ ನಿಕಿತಿನ್ ಬರೆದಿಟ್ಟ ಪ್ರವಾಸದ ಟಿಪ್ಪಣಿ ಓದಿದಾಗ ಕಾಕಾನೇ ನೆನಪಾದ. 1470ರ ಆಸುಪಾಸಿನಲ್ಲಿ, ಗವಾನ್ ವಜೀರನಾಗಿದ್ದಾಗಲೇ, ಮಾರಲೆಂದು ಒಂದು ಕುದುರೆಯನ್ನು ಹೊಡೆದುಕೊಂಡು ಬೀದರಿಗೆ ಬಂದವನು ಈತ. ಅಮೀರರ ಬೆಳ್ಳಿ ಪಲ್ಲಕ್ಕಿಗಳನ್ನು ಕಂಡ, ಹಳ್ಳಿಗರ ಬಡತನವನ್ನೂ ಕಂಡು ಬರೆದ. ನನಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು ಇನ್ನೊಂದು ಸಂಗತಿ. ತಾನು ಯಾವ ಧರ್ಮದವನೆಂದು ಅವನು ಬಿಚ್ಚಿ ಹೇಳಿದ ಮೇಲೆ ಇಲ್ಲಿಯ ಹಿಂದೂಗಳು ತಮ್ಮ ಊಟ, ಪೂಜೆ, ವ್ಯಾಪಾರ ಯಾವುದನ್ನೂ ಅವನಿಂದ ಮುಚ್ಚಿಡಲಿಲ್ಲವಂತೆ. ಶ್ರೀಶೈಲದ ಜಾತ್ರೆಗೂ ಜೊತೆಯಲ್ಲೇ ಹೋದನಂತೆ. ಆ ಕಾಲಕ್ಕೂ ಬೀದರಿನಲ್ಲಿ ಒಬ್ಬ ಕಾಕಾ ಇದ್ದನೆಂದಾಯಿತು.

ಕಾಕಾ ಬೀಗರನ್ನು ಒಪ್ಪಿಸುತ್ತಿದ್ದ ಮೊದಲ ಕೈ, ಸಿದ್ದಿಖ್ ತಾಲೀಮಿನ ಒಬ್ಬ ಬಿದ್ರಿ ಚಾಚಾ. ಗಲ್ಲಿಗೆ ತೆರೆದ ಸಣ್ಣ ಕೋಣೆ, ನೆಲದ ಮೇಲೆ ಚಾಪೆ, ಎರಡು ಪಾದಗಳ ನಡುವೆ ಹಿಡಿದ ಹುಕ್ಕಾದ ಬುರುಡೆ. ಚಾಚಾ ತಲೆ ಎತ್ತದೆ "ಆವೋ ಮಾಸ್ಟರ್ ಸಾಬ್" ಅನ್ನುವರು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಬೂದು ಬಣ್ಣದ ಪಾತ್ರೆ ಅದು. ಮೈಲುತುತ್ತದ ನೀರು ಸವರಿದರೆ ಮೈ ಕಪ್ಪಾಗುತ್ತದೆ. ಆ ಕಪ್ಪಿನ ಮೇಲೆ ಮೊನೆಯಿಂದ ಬರಿಗೈಯಲ್ಲಿ ಬಳ್ಳಿ ಬರೆಯುವರು. ಆಮೇಲೆ ಸಣ್ಣ ಉಳಿಯಿಂದ ಬಳ್ಳಿಯ ಗೆರೆಗಳನ್ನೇ ಕೆತ್ತಿ, ಕೆತ್ತಿದ ಕಾಲುವೆಗೆ ಬೆಳ್ಳಿಯ ತಂತಿ ಕೂರಿಸಿ ಸುತ್ತಿಗೆಯಲ್ಲಿ ಮೆಲ್ಲಗೆ ಬಡಿಯುವರು. ಉಜ್ಜಿದರೆ ಎಲ್ಲ ಬೆಳ್ಳಗೆ, ಹೂವೂ ಕಾಣದು, ಎಲೆಯೂ ಕಾಣದು. "ಈಗ ಏನೂ ಇಲ್ಲಲ್ರಿ?" ಎಂದು ಕಾಕಾ ಬೀಗರ ಮುಖ ನೋಡುವನು.

ಆಗ ಚಾಚಾ ಒಂದು ಚಿಲ್ಲರೆ ಡಬ್ಬಿ ತೆಗೆಯುವರು. ಅದರೊಳಗೆ ಕೋಟೆಯ ಮಣ್ಣು. ಮಳೆ ಬಿಸಿಲು ತಾಕದೆ ನೂರಾರು ವರ್ಷ ಗೋಡೆಗಳ ಕತ್ತಲಲ್ಲಿ ಇದ್ದದ್ದು. ಒಂದು ಚಿಟಿಕೆ ನಾಲಗೆಯ ಮೇಲಿಟ್ಟು, ಕಣ್ಣು ಮುಚ್ಚಿ, ತಲೆ ಆಡಿಸಿದರೆ ಸರಿ. "ನಕ್ಕೋ" ಎಂದು ಉಗುಳಿದರೆ ಆ ಮಣ್ಣು ಕೆಲಸಕ್ಕೆ ಬಾರದು. ಒಂದು ಸಲ ನನ್ನ ನಾಲಗೆಗೂ ಇಟ್ಟರು. ಉಪ್ಪೂ ಅಲ್ಲ, ಒಗರೂ ಅಲ್ಲ, ಹಳೆಯ ಬೀಗದ ಕೈಯನ್ನು ನೆಕ್ಕಿದ ಹಾಗೆ. ಆ ಮಣ್ಣನ್ನೂ ನವಸಾಗರವನ್ನೂ ನೀರಲ್ಲಿ ಕಲಸಿ, ಕಾಯಿಸಿದ ಪಾತ್ರೆಗೆ ಬಳಿದರು. ತೊಳೆದು ತೆಗೆದಾಗ ಸತು ಕಾಡಿಗೆಯಾಗಿತ್ತು, ಬೆಳ್ಳಿ ಬೆಳ್ಳಿಯಾಗೇ ಉಳಿದಿತ್ತು. ಧಾರವಾಡದಿಂದ ಬಂದಿದ್ದ ಅತ್ತೆಯೊಬ್ಬರು ಬಾಯಿ ತೆರೆದವರು ಮುಚ್ಚಲಿಲ್ಲ. ಕೊಳ್ಳಲು ಕೈಯಲ್ಲಿ ದುಡ್ಡಿಲ್ಲ ಎಂದು ಅವರು ಸಂಕೋಚಪಟ್ಟಾಗ ಚಾಚಾ ಚಾ ತರಿಸಿದರು. ನೋಡಲು ಬಂದವರು ಕೊಳ್ಳಲೇಬೇಕು ಎಂಬ ಲೆಕ್ಕ ಆ ಕೋಣೆಯಲ್ಲಿರಲಿಲ್ಲ.

ಮಧ್ಯಾಹ್ನ ಝರಾದ ಲಂಗರಿನಲ್ಲಿ ಸಾಲಾಗಿ ಕೂತು ಊಟ. ಇಳಿಹೊತ್ತಿಗೆ ಅಷ್ಟೂರು. ಬಹಮನಿ ಸುಲ್ತಾನ ಅಹ್ಮದ್ ಶಾ ವಲಿಯ ಗುಮ್ಮಟದೊಳಗೆ ಹೊಕ್ಕರೆ ಕಣ್ಣಿಗೆ ಕತ್ತಲೆ. ಅಲ್ಲಿಯ ಕಾವಲುಗಾರ ಬಾಗಿಲಲ್ಲಿ ನಿಂತು ಒಂದು ಕ್ಷೌರದ ಕನ್ನಡಿಯನ್ನು ಬಿಸಿಲಿಗೆ ಓರೆ ಮಾಡುತ್ತಿದ್ದ. ಬೆಳಕಿನ ಬಿಲ್ಲೆಯೊಂದು ಗೋಡೆ ಹತ್ತಿ, ಕಮಾನು ದಾಟಿ, ಗುಮ್ಮಟದ ಒಳಮೈಯಲ್ಲಿ ಹರಿದಾಡುವುದು; ಅದು ಹೋದಲ್ಲೆಲ್ಲ ಬಂಗಾರದ ಅಕ್ಷರ, ಕೆಂಪು ನೀಲಿ ಬಳ್ಳಿ ಒಂದು ಗಳಿಗೆ ಮೂಡಿ ಮತ್ತೆ ಕತ್ತಲಿಗೆ ಸೇರುವುದು. ಈ ಸುಲ್ತಾನನನ್ನು ಅಲ್ಲಮಪ್ರಭು ಎಂದು ನಂಬುವವರಿದ್ದಾರೆ. ಹೋಳಿಯ ನಂತರದ ಇಲ್ಲಿಯ ಉರುಸಿಗೆ ಮಾಡ್ಯಾಳದ ಜಂಗಮರು ಬರುತ್ತಾರೆ, ಕಾಯಿ ಒಡೆಯುತ್ತಾರೆ. ಅದು ಹೇಗೆ ಸಾಧ್ಯ ಎಂದು ಮೈಸೂರು ಕಡೆಯವರು ಕೇಳಿದರೆ ಕಾಕಾ, "ನಮ್ಮ ಕಡಿ ಹಂಗೇರಿ" ಎಂದಷ್ಟೇ ಹೇಳಿ ನಡೆಯುವನು.

ಇಷ್ಟು ನೋಡಿದರೂ ಬೀದರ್ ನೋಡಿದಂತಾಗಲಿಲ್ಲ. "ಎಳ್ಳಮಾಸಿಗಿ ಬರ್ರಿ" ಎಂದು ಮಾತು ತೆಗೆದುಕೊಂಡೇ ಬೀಗರನ್ನು ಬಸ್ ಹತ್ತಿಸುತ್ತಿದ್ದ. ಎಳ್ಳಮಾವಾಸ್ಯೆಯ ದಿನ ನಮ್ಮ ಜಿಲ್ಲೆಯಲ್ಲಿ ಊರುಗಳು ಊರಲ್ಲಿ ಇರುವುದಿಲ್ಲ, ಹೊಲದಲ್ಲಿರುತ್ತವೆ. ಎತ್ತರಕ್ಕೆ ಬೆಳೆದ ಬಿಳಿಜೋಳದ ನಡುವೆ ಕಣಿಕೆಯ ಗುಡಿಸಲು, ಒಳಗೆ ಸುಣ್ಣ ಹಚ್ಚಿದ ಐದು ಕಲ್ಲು. ತೊಗರಿ, ಅವರೆ, ಹಸಿಕಡಲೆ, ಮೆಂತ್ಯ, ಗಜ್ಜರಿ, ಬದನೆ, ಹೊಲ ಕೊಟ್ಟದ್ದನ್ನೆಲ್ಲ ಹುಣಸೆಹುಳಿ, ಕಡಲೆಹಿಟ್ಟು ಹಾಕಿ ಕುದಿಸಿದ ಭಜ್ಜಿ, ಸಜ್ಜೆಯ ರೊಟ್ಟಿ, ಮಣ್ಣಿನ ಗಡಿಗೆಯಲ್ಲಿ ಹುಳಿ ಬಂದ ಅಂಬಲಿ. ಹೊಲವಿದ್ದವರು ಇಲ್ಲದವರನ್ನು ಕರೆಯಬೇಕು. ದಾರಿಯಲ್ಲಿ ಹೋಗುವವನು ಯಾರೆಂದು ಕೇಳುವಂತಿಲ್ಲ, ಕೈ ಹಿಡಿದು ಕೂಡಿಸಬೇಕು. ನಮ್ಮ ಆಯಿ ಭಜ್ಜಿಯ ಪಾತೇಲಿಯನ್ನು ಸಂಜೆಯವರೆಗೂ ಪೂರ್ತಿ ಖಾಲಿ ಮಾಡಗೊಡುತ್ತಿರಲಿಲ್ಲ. "ಇನ್ನೂ ಯಾರರೆ ಬರ್ತಾರ" ಎಂದು ತಳದಲ್ಲಿ ಒಂದಿಷ್ಟು ಉಳಿಸುವಳು. ಯಾರಾದರೂ ಬಂದೇ ಬರುತ್ತಿದ್ದರು.

ಕಾಕಾ ಹೋಗಿ ವರ್ಷಗಳಾದವು, ಚಾಚಾ ಅದಕ್ಕೂ ಮೊದಲೇ. ಹಾಗೆಂದು ಕಲ್ಲುಗಳಿಗೆ ಕೇಡಾಗಿದೆ ಎನ್ನಲಾರೆ. 2014ರಲ್ಲಿ ವಿಶ್ವ ಸ್ಮಾರಕ ನಿಧಿಯ ಕಾಳಜಿ ಪಟ್ಟಿಗೆ ಬೀದರ್ ಸೇರಿತು. ಹೂಳು ತುಂಬಿದ್ದ ಕರೇಜನ್ನು ತೋಡಿ ತೆಗೆದರು. ಬಿದ್ರಿಗೆ ಭೌಗೋಳಿಕ ಗುರುತು ಸಿಕ್ಕಿತು, 2023ರಲ್ಲಿ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದಾಗ ನಾವೆಲ್ಲ ನಮ್ಮ ಮನೆಗೇ ಬಂದಂತೆ ಹಿಗ್ಗಿದೆವು. ಸ್ಮಾರಕಗಳು ನನ್ನ ಬಾಲ್ಯಕ್ಕಿಂತ ಚೊಕ್ಕಟವಾಗಿವೆ. ಇಲ್ಲದಾಗಿರುವುದು ಒಂದು ಸ್ಮಾರಕಕ್ಕೂ ಇನ್ನೊಂದಕ್ಕೂ ನಡುವಿನ ಮನುಷ್ಯ. ಚಾಚಾನ ಮೊಮ್ಮಕ್ಕಳು ಉಳಿ ಹಿಡಿಯಲಿಲ್ಲ. ನಮ್ಮ ಮನೆಯ ಹುಡುಗರು ಹೈದರಾಬಾದ್, ಪುಣೆ, ಬೆಂಗಳೂರು ಹಿಡಿದರು. ಕಾಕಾನ ನಾಲ್ಕು ಭಾಷೆಗಳಲ್ಲಿ ನನಗೆ ಒಂದೂವರೆ ಬಂತು, ನನ್ನ ಮಗಳಿಗೆ ಅದರ ಅರ್ಧ. ಬರುವವರಿಗೂ ಈಗ ಯಾರ ಮನೆಯ ರೊಟ್ಟಿಯ ಹಂಗೂ ಬೇಡ.

ಹೋದ ಡಿಸೆಂಬರಿನಲ್ಲಿ ಬೆಂಗಳೂರಿನ ಪರಿಚಯದವರೊಬ್ಬರು ಮೆಸೇಜ್ ಮಾಡಿದರು: "ಬೀದರಿಗೆ ಒಂದು ದಿನಕ್ಕೆ ಹೋಗ್ತಿದ್ದೇವೆ. ಏನೇನು ನೋಡಬೇಕು?" ನಾನು ಏಳು ಜಾಗಗಳ ಹೆಸರು ಬರೆದು, ಒಂದೊಂದಕ್ಕೂ ಮ್ಯಾಪ್ ಹಾಕಿ ಕಳಿಸಿದೆ. ಮೂರು ನಿಮಿಷದ ಕೆಲಸ. ಕಾಕಾ ಮೂರು ದಿನ ತೆಗೆದುಕೊಳ್ಳುತ್ತಿದ್ದ. ಯಾವ ದಿನ ಹೋಗುತ್ತೀರಿ ಎಂದು ಕೇಳಬೇಕೆಂದು ಹೊಳೆಯಲೇ ಇಲ್ಲ.

ಹಿಂತಿರುಗಿದ ಮೇಲೆ ಫೋಟೋಗಳನ್ನು ಕಳಿಸಿದರು. ಕೋಟೆ, ಮದರಸಾ, ಅಷ್ಟೂರು. ಚೆಂದದ ಚಿತ್ರಗಳೇ. ಚೌಬಾರಾದ ಚಿತ್ರದಲ್ಲಿ ಮಾತ್ರ ಕಣ್ಣು ನಿಂತಿತು. ಅಂಗಡಿಗಳ ಸಾಲಿನಲ್ಲಿ ಬಾಗಿಲು ಮುಚ್ಚಿದವೇ ಹೆಚ್ಚು. ನಾಲ್ಕೂ ರಸ್ತೆ ಬಿಕೋ. ಕೆಳಗೆ ಬರೆದಿದ್ದರು: "ಊರು ಚೆನ್ನಾಗಿದೆ. ಜನಾನೇ ಇರಲಿಲ್ಲ, ಊಟಕ್ಕೆ ಒದ್ದಾಡಿಬಿಟ್ಟೆವು. ಅವತ್ತು ಏನಾದ್ರೂ ಬಂದ್ ಇತ್ತಾ?"

ತಾರೀಖು ನೋಡಿದೆ. ಎಳ್ಳಮಾವಾಸ್ಯೆ.

ಬಂದ್ ಇರಲಿಲ್ಲ ಸ್ವಾಮಿ, ಊರೆಲ್ಲ ಹೊಲದಲ್ಲಿತ್ತು ಎಂದು ಬರೆಯಹೋದೆ. ಬರೆದು ಅಳಿಸಿದೆ. ಕಮಠಾಣಕ್ಕೆ ಫೋನು ಹಚ್ಚಿ ಅಣ್ಣನನ್ನು ಕೇಳಿದೆ, ಈ ಸಲ ಹಬ್ಬ ಹೆಂಗಾಯ್ತು ಅಂತ. "ಆಯ್ತಪ್ಪ. ಮಂದಿ ಕಮ್ಮಿ ಬಂದ್ರು," ಅಂದ. "ಭಜ್ಜಿ ಭಾಳ ಉಳೀತು."