ಮಳೆಗಾಲ ಮತ್ತು ಗಾಡಿ – ಭಾಗ 6: ಸೌಂಡಿಗೆ ಆಸೆಪಟ್ಟು

ಹೋದ ಭಾಗದಲ್ಲಿ ಬ್ರೇಕ್ ಬಗ್ಗೆ ಬರೆದಿದ್ದೆ. ಇವತ್ತು ಉಸಿರಿನ ಬಗ್ಗೆ. ಗಾಡಿಯ ಉಸಿರು.

ಮೊದಲ ಫೋಟೋದಲ್ಲಿ ಇರೋದು ಕೋನ್ ಫಿಲ್ಟರ್. ನಿಮ್ಮಲ್ಲಿ ಎಷ್ಟೋ ಜನ ಇದನ್ನ ಹಾಕ್ಸಿದ್ದೀರಿ, ಗೊತ್ತು. ನಾನೂ ಹಾಕ್ಸಿದ್ದೆ. ಕಂಪನಿ ಕೊಟ್ಟ ಏರ್‌ಬಾಕ್ಸ್ ಕಿತ್ತು, ಕಾರ್ಬುರೇಟರ್ ಹಿಂದೆ ಸೀದಾ ಇದನ್ನ ಸಿಕ್ಕಿಸಿ, ಮೇನ್ ಜೆಟ್ ಒಂದು ಸೈಜ್ ದೊಡ್ಡದು ಮಾಡಿಸಿದೆ. ಆಕ್ಸಿಲರೇಟರ್ ತಿರುಗಿಸಿದರೆ ಗಾಡಿ ಗಾಳಿ ಎಳೆಯೋ ಸದ್ದು! ಅದಕ್ಕೇ ಮರುಳಾಗಿದ್ದು ನಾನು. ನಮ್ಮ ಮೆಕ್ಯಾನಿಕ್ ಅಣ್ಣ ಮಾತ್ರ, "ಮಳೆಗಾಲ ಮುಗೀಲಿ ಮಾರಾಯ, ಆಮೇಲೆ ಹಾಕ್ಸು" ಅಂದಿದ್ರು. ಕೇಳಲಿಲ್ಲ.

ಜುಲೈ ತಿಂಗಳ ಒಂದು ಭಾನುವಾರ. ತಂಗಿಗೆ ಉಡುಪಿಯಲ್ಲಿ ಎಂಟ್ರೆನ್ಸ್ ಪರೀಕ್ಷೆ, 9.30ಕ್ಕೆ ಗೇಟ್ ಮುಚ್ತಾರೆ. "ಬಸ್ಸಿಗೆ ಹೋಗ್ತೀನಿ ಅಣ್ಣ" ಅಂದಳು. "ಏಯ್, ನಾನಿದ್ದೀನಲ್ಲ" ಅಂದೆ. ಬೆಳಗ್ಗೆ ಆರಕ್ಕೆ ತೀರ್ಥಹಳ್ಳಿ ಬಿಟ್ವಿ.

ಆಗುಂಬೆ ಕಡೆ ಮಳೆ ಅಂದ್ರೆ ನಿಮಗೆ ಹೇಳಬೇಕಾ? ವರ್ಷಕ್ಕೆ 7,000 ಮಿಲಿಮೀಟರ್ ಸುರಿಯೋ ಜಾಗ ಅದು. ಮುಂದೆ ಒಂದು ಲಾರಿ. ತಿರುವು, ಮಂಜು, ಓವರ್‌ಟೇಕ್ ಮಾಡೋ ಹಾಗಿಲ್ಲ. ಅದರ ಚಕ್ರ ಎರಚಿದ ನೀರೆಲ್ಲ ನಮ್ಮ ಮೇಲೆ. ಮೇಗರವಳ್ಳಿ ದಾಟಿದ ಮೇಲೆ ಗಾಡಿ ಮುಕ್ಕರಿಸೋಕೆ ಶುರು ಮಾಡ್ತು. ಆಕ್ಸಿಲರೇಟರ್ ಕೊಟ್ಟಷ್ಟೂ ಸುಸ್ತು. ಆಮೇಲೆ ನಿಂತೇ ಹೋಯ್ತು.

ಆಗಿದ್ದು ಏನು ಅಂದ್ರೆ, ಏರ್‌ಬಾಕ್ಸಿನ ಬಾಯಿ ಇರೋದು ಸೀಟಿನ ಕೆಳಗೆ, ಮರೆಯಲ್ಲಿ. ಒಳಗೆ ಬಂದ ಹನಿ ಡಬ್ಬಿಯ ತಳಕ್ಕೆ ಬಿದ್ದು ಸಣ್ಣ ಪೈಪಲ್ಲಿ ಹೊರಗೆ ಹೋಗುತ್ತೆ. ಕೋನ್ ಫಿಲ್ಟರಿಗೆ ಆ ಮನೆಯೇ ಇಲ್ಲ. ಹಿಂದಿನ ಚಕ್ರ ಎರಚೋ ನೀರಿಗೆ ಮುಖ ಕೊಟ್ಟು ನೇತಾಡ್ತಿರುತ್ತೆ. ಬಟ್ಟೆ ನೆನೆದರೆ ಗಾಳಿ ಹೋಗಲ್ಲ, ಪೆಟ್ರೋಲ್ ಮಾತ್ರ ಹೋಗುತ್ತೆ. ಪ್ಲಗ್ ಕಪ್ಪಗೆ, ಒದ್ದೆ. ದಾಟಿ ಹೋದ ನೀರು ಕಾರ್ಬುರೇಟರ್ ಬಟ್ಟಲಿನ ತಳ ಸೇರುತ್ತೆ, ಯಾಕಂದ್ರೆ ನೀರು ಪೆಟ್ರೋಲಿಗಿಂತ ಭಾರ. ಅದುವರೆಗೆ ತುಂತುರು ಮಳೆಯಲ್ಲಿ ಊರೊಳಗೆ ಓಡಿಸಿದಾಗ ಏನೂ ಆಗಿರಲಿಲ್ಲ. ಅದೇ ನನ್ನ ಧೈರ್ಯ!

ಕಿಕ್ ಹೊಡೆದೆ, ಹೊಡೆದೆ. ತಂಗಿ ಹಾಲ್ ಟಿಕೆಟ್ ಕವರನ್ನ ರೈನ್‌ಕೋಟ್ ಒಳಗೆ ಒತ್ತಿ ಹಿಡ್ಕೊಂಡು ನಿಂತಿದ್ಳು. ಎರಡು ಬಸ್ ತುಂಬಿ ಬಂದ್ವು, ನಿಲ್ಲಿಸಲಿಲ್ಲ. ಮೂರನೇ ಮಿನಿ ಬಸ್ ಹತ್ತಿಸಿದಾಗ ಎಂಟೂ ಮುಕ್ಕಾಲು. ಆಗುಂಬೆಯಿಂದಲೇ ಉಡುಪಿಗೆ ಸುಮಾರು 55 ಕಿಲೋಮೀಟರ್, ಅದರಲ್ಲಿ ಘಾಟಿ ಬೇರೆ. ಅವಳು ತಲುಪುವಾಗ ಗೇಟ್ ಮುಚ್ಚಿತ್ತು.

ನಾನು ಮರದಡಿ ಕೂತು ಫಿಲ್ಟರನ್ನ ಬಟ್ಟೆ ಹಿಂಡಿದ ಹಾಗೆ ಹಿಂಡಿದೆ. ಪೆಟ್ರೋಲ್ ಟ್ಯಾಪ್ ಮುಚ್ಚಿ, ಬಟ್ಟಲಿನ ಕೆಳಗಿನ ಸ್ಕ್ರೂ ಬಿಚ್ಚಿ ನೀರು ಬಿಟ್ಟೆ. ಪ್ಲಗ್ ಒರೆಸಿದೆ. ಮಳೆ ಕಡಿಮೆಯಾದ ಮೇಲೆ ಗಾಡಿ ಸ್ಟಾರ್ಟ್ ಆಯ್ತು. ಅದೇ ಸದ್ದು. ಆಗ ಕೇಳೋಕಾಗಲಿಲ್ಲ.

ಸಂಜೆ ಮನೆಗೆ ಬಂದವಳು ಬೈಯಲಿಲ್ಲ. "ಸೌಂಡ್ ಮಾತ್ರ ಚೆನ್ನಾಗಿದೆ ಅಣ್ಣ" ಅಂದು ಒಳಗೆ ಹೋದಳು. ಮುಂದಿನ ವರ್ಷ ಮತ್ತೆ ಬರೆದಳು, ಸೀಟ್ ಸಿಕ್ತು. ಆದರೆ ಆ ಒಂದು ವರ್ಷ ಅವಳದು. ನಾನು ಕೊಟ್ಟಿದ್ದು ಫಿಲ್ಟರ್ ದುಡ್ಡು ಮಾತ್ರ.

ಹಾಗಾಗಿ ನಿಮಗೆ ನಾಲ್ಕು ಮಾತು:

🌧️ ಜೂನ್ ಬರೋ ಮೊದಲು ಹಳೆ ಏರ್‌ಬಾಕ್ಸ್ ವಾಪಸ್ ಹಾಕಿ, ಜೆಟ್ಟೂ ಹಳೇದೇ ಹಾಕ್ಸಿ. ಕಿತ್ತ ಡಬ್ಬಿನ ಗುಜರಿಗೆ ಕೊಡಬೇಡಿ.
🌧️ ಫಿಲ್ಟರಿಗೆ ಪ್ಲಾಸ್ಟಿಕ್ ಕವರ್ ಸುತ್ತಬೇಡಿ, ಗಾಡಿಗೆ ಉಸಿರು ಕಟ್ಟುತ್ತೆ. ನೀರು ತಡೆದು ಗಾಳಿ ಬಿಡೋ ಬಟ್ಟೆಯ ಕವರ್ ಸಿಗುತ್ತೆ. ಅದೂ ತುಂತುರಿಗೆ ಮಾತ್ರ.
🌧️ ಲಾರಿ, ಬಸ್ಸಿನ ಬೆನ್ನಿಗೆ ಅಂಟಬೇಡಿ.
🌧️ ತುಂಬಿದ ನೀರಲ್ಲಿ ಗಾಡಿ ಆಫ್ ಆದರೆ ಸೆಲ್ಫ್ ಒತ್ತಲೇಬೇಡಿ. ಸಿಲಿಂಡರಿಗೆ ಹೋದ ನೀರು ಗಾಳಿ ಹಾಗೆ ಅಮುಕಲ್ಲ, ಕನೆಕ್ಟಿಂಗ್ ರಾಡ್ ಬಗ್ಗುತ್ತೆ. ತಳ್ಳಿಕೊಂಡು ಹೊರಗೆ ಬನ್ನಿ, ಪ್ಲಗ್ ಬಿಚ್ಚಿಸಿ ನೀರು ತೆಗೆಸಿ.

ಕೊನೇ ಫೋಟೋ ನೋಡಿ. ಹಳೇ ಏರ್‌ಬಾಕ್ಸ್, ವಾಪಸ್ ತನ್ನ ಜಾಗದಲ್ಲಿ. ಪಕ್ಕದಲ್ಲಿ ನಗ್ತಿರೋದು ತಂಗಿ. ಈಗಲೂ ಮಳೆಗಾಲದಲ್ಲಿ ಅವಳು ಬಸ್ಸಿಗೇ ಹೋಗೋದು!

ನಿಮ್ಮ ಗಾಡಿ ಮಳೇಲಿ ಎಲ್ಲಿ ಕೈಕೊಟ್ಟಿತ್ತು? ಕಾಮೆಂಟಲ್ಲಿ ಬರೀರಿ. ಮುಂದಿನ ಭಾಗ: ಟೈರ್.

#ಮಳೆಗಾಲಮತ್ತುಗಾಡಿ #ಮಲೆನಾಡು #ಆಗುಂಬೆ #ಕನ್ನಡರೈಡರ್ಸ್