ಹಳೆಯ ತಂತ್ರಾಂಶಕ್ಕೆ ಹೊಸ ಚಿಪ್‌ನಲ್ಲಿ ಎಷ್ಟು ದಿನ ಜಾಗ?

ಪ್ರಿಯ ಓದುಗ ಮಿತ್ರರೇ,

ಎಂ ಸರಣಿಯ ಚಿಪ್ ಇರುವ ಮ್ಯಾಕ್ ಕೊಂಡಿದ್ದೀರಿ ಎಂದು ತಿಳಿದು ಸಂತೋಷವಾಯಿತು. ಇಂಟೆಲ್ ಮ್ಯಾಕ್‌ನಲ್ಲಿ ಇಷ್ಟು ವರ್ಷ ಬಳಸಿದ ತಂತ್ರಾಂಶಗಳು ಇದರಲ್ಲೂ ಓಡುತ್ತವೆಯೇ ಎಂದು ಕೇಳಿದ್ದೀರಿ. ಬಹುಪಾಲು ಓಡುತ್ತವೆ. ಆದರೆ ಈ ಅನುಕೂಲಕ್ಕೊಂದು ಗಡುವಿದೆ. ಅದನ್ನು ತಿಳಿಸಲೆಂದೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಒಂದೊಂದು ಬಗೆಯ ಪ್ರೊಸೆಸರ್‌ಗೂ ಅದರದೇ ಆದ ಆದೇಶಗಳಿರುತ್ತವೆ. ಇಂಟೆಲ್‌ಗೆಂದು ಸಿದ್ಧಪಡಿಸಿದ ಪ್ರೋಗ್ರಾಂ ಎಂ ಸರಣಿಯಂಥ ಆರ್ಮ್ ಬಗೆಯ ಚಿಪ್‌ಗೆ ಅರ್ಥವಾಗುವುದಿಲ್ಲ. ಅದಕ್ಕೇ 2020ರ ನವೆಂಬರಿನಲ್ಲಿ ಎಂ1 ಮ್ಯಾಕ್‌ಗಳು ಬಂದಾಗ ಆಪಲ್ ಅವುಗಳಿಗೆ ರೊಸೆಟಾ 2 ಎಂಬ ಅನುವಾದಕವನ್ನೂ ಒದಗಿಸಿತು. ಹಳೆಯ ಆಪ್ ಒಂದನ್ನು ಮೊದಲ ಸಲ ತೆರೆದು ನೋಡಿ: ಡಾಕ್‌ನಲ್ಲಿ ಐಕಾನ್ ಸ್ವಲ್ಪ ಹೆಚ್ಚು ಹೊತ್ತು ಪುಟಿಯುತ್ತದೆ. ಅಷ್ಟರಲ್ಲಿ ಒಳಗೆ ಪ್ರೋಗ್ರಾಂ ಹೊಸ ಆದೇಶಗಳಿಗೆ ತರ್ಜುಮೆಯಾಗಿ ಡಿಸ್ಕ್‌ನಲ್ಲಿ ಉಳಿದಿರುತ್ತದೆ. ಮುಂದಿನ ಸಲ ಆಪ್ ಬೇಗ ತೆರೆದುಕೊಳ್ಳುತ್ತದೆ.

ಇಲ್ಲಿ ಮೆಚ್ಚಲೇಬೇಕಾದ ಜಾಣ್ಮೆಯೊಂದಿದೆ. ಮೆಮೊರಿಯಲ್ಲಿ ಬರೆಯುವ ಕೆಲಸಗಳು ಯಾವ ಕ್ರಮದಲ್ಲಿ ಕಾಣಿಸಬೇಕು ಎಂಬುದರಲ್ಲಿ ಇಂಟೆಲ್ ಬಲು ಕಟ್ಟುನಿಟ್ಟು, ಆರ್ಮ್ ಸಡಿಲ. ಈ ವ್ಯತ್ಯಾಸವನ್ನು ತಂತ್ರಾಂಶದಲ್ಲೇ ಸರಿದೂಗಿಸಲು ಹೊರಟರೆ ವೇಗ ಕುಸಿಯುತ್ತದೆ. ಆಪಲ್ ಎಂಜಿನಿಯರುಗಳು ಇಂಟೆಲ್‌ನ ಕ್ರಮವನ್ನೂ ಪಾಲಿಸಬಲ್ಲ ವ್ಯವಸ್ಥೆಯನ್ನು ಚಿಪ್‌ನೊಳಗೇ ಇಟ್ಟರು. ಅನುವಾದಗೊಂಡ ಆಪ್‌ಗಳು ಅಷ್ಟು ಚುರುಕಾಗಿರಲು ಇದೊಂದು ಮುಖ್ಯ ಕಾರಣ.

ಎಲ್ಲವೂ ಓಡುವುದಿಲ್ಲ, ನಿಜ. ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್‌ಗೆ ಸೇರಿಕೊಳ್ಳುವ ಹಳೆಯ ಡ್ರೈವರ್‌ಗಳನ್ನು ರೊಸೆಟಾ ಮುಟ್ಟುವುದಿಲ್ಲ. 32 ಬಿಟ್‌ನ ಆಪ್‌ಗಳಿಗಂತೂ ಮ್ಯಾಕ್‌ಓಎಸ್‌ನ 2019ರ ಕ್ಯಾಟಲೀನಾ ಆವೃತ್ತಿಯಲ್ಲೇ ಬಾಗಿಲು ಮುಚ್ಚಿತ್ತು. ಆಪ್ ಹೊಸದಾಗಿದ್ದು ಅದರ ಪ್ಲಗಿನ್ ಮಾತ್ರ ಇಂಟೆಲ್‌ನದಾಗಿದ್ದರೆ, ಆಪ್‌ನ 'ಗೆಟ್ ಇನ್ಫೋ'ದಲ್ಲಿ 'ಓಪನ್ ಯೂಸಿಂಗ್ ರೊಸೆಟಾ' ಎಂಬುದಕ್ಕೆ ಟಿಕ್ ಹಾಕಿ ನೋಡಿ. ಎಷ್ಟೋ ಸಲ ಸಮಸ್ಯೆ ಅಲ್ಲಿಗೇ ಬಗೆಹರಿಯುತ್ತದೆ.

ಇನ್ನು ಗಡುವಿನ ವಿಷಯ. ಪವರ್‌ಪಿಸಿ ಚಿಪ್‌ಗಳನ್ನು ಬಿಟ್ಟು ಇಂಟೆಲ್‌ಗೆ ಬಂದ 2006ರಲ್ಲೂ ಆಪಲ್ ಮೊದಲನೆಯ ರೊಸೆಟಾವನ್ನು ಕೊಟ್ಟಿತ್ತು. 2011ರ ಲಯನ್ ಆವೃತ್ತಿಯಲ್ಲಿ ಅದನ್ನು ತೆಗೆದುಹಾಕಿತು. ಅದನ್ನೇ ನೆಚ್ಚಿಕೊಂಡಿದ್ದ ಆಪ್‌ಗಳು ಅಲ್ಲಿಗೇ ನಿಂತವು. ಈಗಿನದಕ್ಕೂ ಅದೇ ಗತಿ. ರೊಸೆಟಾ ಮ್ಯಾಕ್‌ಓಎಸ್ 27ರವರೆಗೆ ಪೂರ್ತಿಯಾಗಿ ಇರುತ್ತದೆ, ಆಮೇಲೆ ಕೆಲವು ಹಳೆಯ ಆಟಗಳಿಗಷ್ಟೇ ಉಳಿಯುತ್ತದೆ ಎಂದು ಆಪಲ್ 2025ರ ಜೂನ್‌ನಲ್ಲಿ ಪ್ರಕಟಿಸಿದೆ.

ಹಾಗಾಗಿ ಒಂದು ಕೆಲಸ ಮಾಡಿ. ಸಿಸ್ಟಮ್ ಇನ್ಫರ್ಮೇಶನ್ ತೆರೆದು ಅಪ್ಲಿಕೇಶನ್ಸ್ ಪಟ್ಟಿಗೆ ಹೋಗಿ. 'ಕೈಂಡ್' ಎಂಬ ಕಾಲಮ್‌ನಲ್ಲಿ ಇಂಟೆಲ್ ಎಂದಿರುವ ಆಪ್‌ಗಳನ್ನೆಲ್ಲ ಗುರುತು ಹಾಕಿಕೊಳ್ಳಿ. ಹೊಸ ಆವೃತ್ತಿ ಸಿಕ್ಕರೆ ಹಾಕಿಕೊಳ್ಳಿ. ಸಿಗದಿದ್ದರೆ, ಆಪ್ ಇನ್ನೂ ತೆರೆಯುತ್ತಿರುವಾಗಲೇ ಅದರಲ್ಲಿರುವ ಕಡತಗಳನ್ನು ಬೇರೆ ತಂತ್ರಾಂಶಗಳೂ ಓದಬಲ್ಲ ರೂಪದಲ್ಲಿ ಉಳಿಸಿಕೊಳ್ಳಿ. ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿಟ್ಟ ಕನ್ನಡ ಬರಹಗಳಿದ್ದರೆ ಅವನ್ನೂ ಯೂನಿಕೋಡ್‌ಗೆ ಬದಲಿಸಿಬಿಡಿ. ಆಪ್ ಹೋದರೆ ಇನ್ನೊಂದು ಸಿಕ್ಕೀತು. ನೀವು ಬರೆದಿಟ್ಟದ್ದು ಹೋದರೆ ಮತ್ತೆ ಸಿಗುವುದಿಲ್ಲ. ದಯವಿಟ್ಟು ಇದನ್ನು ಮುಂದೂಡಬೇಡಿ.

ಇಂತಿ,
ನಿಮ್ಮ ವಿಶ್ವಾಸಿ